ನೂಲಿನ ಶಿವದಾರ

ಜೂನ್ 3, ಸೋಮವಾರ

ಎದ್ದದ್ದು 5.20. ಪೂಜೆ 5.45. ವಾಕಿಂಗಿಗೆ ಹೊರಟಿದ್ದು 6.15, ವಾಪಸು 7.00. ಗೇಟಿನಿಂದ ಬಲಕ್ಕೆ.

ಎಡಕ್ಕೆ ಹೋದರೆ ನಾಲ್ಕು ನಿಮಿಷಕ್ಕೆ ಸಮುದ್ರ. ಬೆಸೆಂಟ್ ನಗರದಲ್ಲಿ ಮನೆ ಮಾಡುವವರೆಲ್ಲ ಆ ನಾಲ್ಕು ನಿಮಿಷಕ್ಕಾಗಿಯೇ ಮಾಡುತ್ತಾರೆ. ನಾನು ಹತ್ತು ತಿಂಗಳಿಂದ ಬಲಕ್ಕೇ ಹೋಗುತ್ತಿದ್ದೇನೆ. ಆ ಕಡೆ ಒಂದು ಔಷಧಿ ಅಂಗಡಿ, ಎರಡು ಶಾಲೆ, ಒಂದು ಕಸದ ತೊಟ್ಟಿ ಇವೆ. ನನಗೆ ಅಷ್ಟು ಸಾಕು.

ನಿವೃತ್ತನಾಗಿ ಹತ್ತು ವರ್ಷವಾದರೂ ಸಮಯ ಬರೆಯುವ ಚಟ ಹೋಗಿಲ್ಲ. ರೈಲ್ವೆ ಕಂಟ್ರೋಲ್ ಆಫೀಸಿನಲ್ಲಿ ಮೂವತ್ತು ವರ್ಷ ಇದನ್ನೇ ಮಾಡಿದೆ. ಯಾವ ಗಾಡಿ ಎಷ್ಟಕ್ಕೆ ಹೊರಟಿತು, ಎಷ್ಟಕ್ಕೆ ತಲುಪಿತು. ಹೊರಟ ಗಾಡಿಯ ಮುಂದೆ ತಲುಪಿದ ಸಮಯ ಬೀಳುವವರೆಗೆ ಮನಸ್ಸಿಗೆ ಸಮಾಧಾನ ಇರುತ್ತಿರಲಿಲ್ಲ. ಹೋದ ವರ್ಷದ ಡೈರಿಯಲ್ಲಿ ಆಗಸ್ಟ್ 18ರ ಪುಟದಲ್ಲಿ ‘ವಿಶ್ವ ಆಫೀಸಿಗೆ ಹೊರಟಿದ್ದು 8.40’ ಎಂದು ಬರೆದಿದ್ದೇನೆ. ಅದರ ಮುಂದೆ ಏನೂ ಇಲ್ಲ.

ಮಗ ವಿಶ್ವನಿಗೆ ಆಗ ಮೂವತ್ತೊಂಬತ್ತು. ಅಡ್ಯಾರ್ ಸಿಗ್ನಲ್ಲಿನಲ್ಲಿ ಹಸಿರು ದೀಪಕ್ಕೆ ಕಾಯುತ್ತ ಸ್ಕೂಟರಿನ ಮೇಲೆ ಕೂತವನು ಕೂತ ಹಾಗೇ ಪಕ್ಕಕ್ಕೆ ವಾಲಿದ. ಹೃದಯ ನಿಂತಿತ್ತು ಎಂದರು ಡಾಕ್ಟರು. ಹತ್ತೊಂಬತ್ತು ವರ್ಷ ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡಿದವನಿಗೆ ಸಮುದ್ರ ಏನೂ ಮಾಡಿರಲಿಲ್ಲ.

ಅವನ ಸರ್ಫ್ ಬೋರ್ಡು ಹಾಲಿನ ಗೋಡೆಗೆ ಒರಗಿ ಇನ್ನೂ ನಿಂತಿದೆ. ಒಂಬತ್ತು ಅಡಿ. ಇವತ್ತೂ ಅದಕ್ಕೆ ಕಾಲು ತಾಗಿ ಹೆಬ್ಬೆರಳಿನ ಉಗುರು ಕಿತ್ತಿತು. ಯಾರಿಗಾದರೂ ಕೊಟ್ಟುಬಿಡೋಣ ಎಂದೆ. ಸೊಸೆ ಸಂಗೀತಾ ಕಾಲಿಗೆ ಹಚ್ಚಲು ಅರಿಸಿನ ತಂದಿಟ್ಟು ಒಳಗೆ ಹೋದಳು. ಮೊಮ್ಮಗಳು ತೇಜು ಮಾತ್ರ ಬೋರ್ಡಿನ ಮುಂದೆ ಚಾಪೆ ಹಾಸಿಕೊಂಡು ಹೋಮ್‌ವರ್ಕಿಗೆ ಕೂತಳು. ಒಂಬತ್ತು ವರ್ಷದ ಹುಡುಗಿ, ಏಳೆಂದರೆ ಏಳಲಿಲ್ಲ.

ಜೂನ್ 9, ಭಾನುವಾರ

ಸಾಯಿ ಬಂದಿದ್ದ. ಇಲ್ಲಿಂದ ಕಾರಿನಲ್ಲಿ ಒಂದು ಗಂಟೆಯ ದಾರಿಯಲ್ಲಿರುವ ಕೋವಳಂನ ಮೀನುಗಾರ, ವಿಶ್ವನ ಜೀವದ ಗೆಳೆಯ. ಶನಿವಾರ ಭಾನುವಾರ ಇಬ್ಬರೂ ಸೇರಿ ಅಲ್ಲಿ ಮಕ್ಕಳಿಗೆ ಸರ್ಫಿಂಗ್ ಕಲಿಸುತ್ತಿದ್ದರು. ಸೋಫಾದ ತುದಿಯಲ್ಲಿ ಕೂತು, ನನ್ನ ಹೆಂಡತಿ ಸರ್ವಮಂಗಳಾ ಕೊಟ್ಟ ಒಗ್ಗರಣೆ ಅವಲಕ್ಕಿಯನ್ನು ಎರಡು ಸಲ ಹಾಕಿಸಿಕೊಂಡು ತಿಂದು, ಆಮೇಲೆ ಬಂದ ವಿಷಯ ತೆಗೆದ. ಆಗಸ್ಟ್ 18ಕ್ಕೆ ವರ್ಷವಾಗುತ್ತದೆ. ಅವತ್ತು ಎಲ್ಲರೂ ಬೋರ್ಡುಗಳ ಮೇಲೆ ಅಲೆ ದಾಟಿ ಹೋಗಿ, ನೀರಿನಲ್ಲಿ ಸುತ್ತಾಗಿ ಕೂತು, ಹೂ ಹಾಕಿ ವಿಶ್ವನ ಹೆಸರು ಕೂಗುತ್ತಾರಂತೆ. ಸರ್ಫಿಂಗ್ ಮಾಡುವವರು ತಮ್ಮವರನ್ನು ಕಳಿಸಿಕೊಡುವುದು ಹಾಗೆಯಂತೆ. ಅವನ ಬೂದಿ ಮನೆಯಲ್ಲಿ ಉಳಿಸಿಕೊಂಡಿದ್ದರೆ ಒಂದು ಹಿಡಿ ಕೊಡಿ ಎಂದ.

ನಾನು ಎದ್ದು ನಿಂತೆ. ನಮ್ಮಲ್ಲಿ ಸುಡುವುದಿಲ್ಲ. ಕೂಡಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಮಣ್ಣು ಕೊಡುತ್ತೇವೆ. ಅವನನ್ನು ರಾಣೆಬೆನ್ನೂರಿನ ಹತ್ತಿರದ ನಮ್ಮ ಹೊಲಕ್ಕೆ ಒಯ್ದು ನನ್ನ ಅಪ್ಪನ ಪಕ್ಕದಲ್ಲಿ ಕೂಡಿಸಿ ಬಂದಿದ್ದೇವೆ. ಇದನ್ನೆಲ್ಲ ನನ್ನ ರೈಲ್ವೆ ತಮಿಳಿನಲ್ಲಿ, ಬೇಕಿದ್ದಕ್ಕಿಂತ ಗಟ್ಟಿಯಾಗಿ ಹೇಳಿದೆ. ಪಾಪ, ಅವನು ಎರಡೂ ಕೆನ್ನೆಗೆ ಕೈ ಬಡಿದುಕೊಂಡ. ಹಾಗಾದರೆ ಅಣ್ಣನದು ಏನಾದರೂ ಒಂದು ಕೊಡಿ ಐಯಾ ಎಂದ. ಕೊಡುವಂಥದ್ದು ಏನೂ ಇಲ್ಲ, ನಾವು ಬರುವುದೂ ಇಲ್ಲ ಎಂದೆ.

ಸಾಯಿಗೆ ಹೇಳದ್ದನ್ನು ಇಲ್ಲಿ ಬರೆಯುತ್ತೇನೆ, ಇದನ್ನು ಓದುವವರು ಯಾರೂ ಇಲ್ಲವಲ್ಲ. ಎರಡು ವರ್ಷದ ಹಿಂದೆ ಇದೇ ಜೂನ್ ತಿಂಗಳು. ಕೋವಳಂನಿಂದ ಬಂದ ವಿಶ್ವನ ಕೊರಳು ಬರಿದಾಗಿತ್ತು. ನಲವತ್ತು ದಿನದ ಕೂಸಾಗಿದ್ದಾಗ ಕಟ್ಟಿದ ಲಿಂಗ, ಅದನ್ನಿಟ್ಟಿದ್ದ ನನ್ನ ಅಪ್ಪನ ಬೆಳ್ಳಿ ಕರಡಿಗೆಯ ಸಮೇತ, ಅಲೆಗೆ ಸಿಕ್ಕಿ ಹೋಗಿತ್ತು. ನಮ್ಮ ಮನೆತನದಲ್ಲಿ ಲಿಂಗ ಮೈ ಬಿಟ್ಟು ಇರುವಂತಿಲ್ಲ. ಹಿಂದೆ ಲಿಂಗ ಕಳೆದುಕೊಂಡವರು ಪ್ರಾಣ ಬಿಡುತ್ತಿದ್ದರೆಂದು ಅಜ್ಜ ಹೇಳುತ್ತಿದ್ದ. ನಾನು ಊಟಕ್ಕೆ ಕೂತಿದ್ದೆ. ತಟ್ಟೆ ಸರಿಸಿ ಹೀಗೆ ಅಂದೆ:

“ಲಿಂಗಾ ಕಳಕೊಂಡು ಮನಿಗಿ ಹೆಂಗ ಬಂದಿ? ಹಿಂದಕ ಇಂಥವರು ಜೀವಂತ ತಿರುಗಿ ಬರ್ತಿದ್ದಿಲ್ಲ.”

ಅವನು ತಲೆ ತಗ್ಗಿಸಿ ಒಳಗೆ ಹೋದ. ಆಮೇಲೆ ಮಠಕ್ಕೆ ಹೋಗಿ ಸ್ವಾಮಿಗಳಿಂದ ಹೊಸ ಲಿಂಗ ಪಡೆದು ಬಂದ. ನಾನು ನಾಲ್ಕು ತಿಂಗಳು ಅವನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮಾತು ಶುರುವಾದ ಮೇಲೂ ಆ ಒಂದು ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಅದಾಗಿ ಹದಿನಾಲ್ಕು ತಿಂಗಳಿಗೆ ಅವನು ಜೀವಂತ ತಿರುಗಿ ಬರಲಿಲ್ಲ.

ಒಂದು ಮಾತಿನಿಂದ ಯಾರ ಹೃದಯವೂ ನಿಲ್ಲುವುದಿಲ್ಲ, ನನಗೂ ಗೊತ್ತು. ಆದರೂ ಸಮುದ್ರದ ಕಡೆ ಮುಖ ಮಾಡಲು ಆಗುತ್ತಿಲ್ಲ.

ಜೂನ್ 10, ಸೋಮವಾರ

ಬಲಕ್ಕೆ. 6.15–7.00. ಸಾಯಿಯನ್ನು ಗದರಿದ್ದು ಸರ್ವಮಂಗಳಾಳಿಗೆ ಹಿಡಿಸಿಲ್ಲ. ಉಪ್ಪಿಟ್ಟಿಗೆ ಉಪ್ಪು ಇರಲಿಲ್ಲ. ಕೇಳಲು ಹೋಗಲಿಲ್ಲ.

ಜೂನ್ 27, ಗುರುವಾರ

ಬಲಗಡೆಯ ರಸ್ತೆ ಅಗೆದು ಹಾಕಿದ್ದಾರೆ, ಚರಂಡಿ ಕೆಲಸ. ಹಾಗಾಗಿ ಎಡಕ್ಕೆ ಹೋದೆ. ಬೇರೆ ಕಾರಣವಿಲ್ಲ.

ಮರಳಿಗೆ ಇಳಿಯಲಿಲ್ಲ. ರಸ್ತೆಯ ಅಂಚಿನ ಕಟ್ಟೆಯ ಮೇಲೆ, ಬಜ್ಜಿ ಅಂಗಡಿಗಳಿಗೆ ಬೆನ್ನು ಕೊಟ್ಟು ಕೂತೆ. ಗಾಳಿ ನೆಲದ ಕಡೆಯಿಂದ ಬೀಸುತ್ತಿತ್ತು. ಹಾಗೆ ಬೀಸಿದರೆ ಅಲೆ ನೆಟ್ಟಗೆ ಏಳುತ್ತದೆ, ಮಧ್ಯಾಹ್ನದ ಕಡಲಗಾಳಿ ಬಂದರೆ ಕೆಟ್ಟು ಕಲಸುಮೇಲೋಗರ. ಇದು ನನಗೆ ಹೇಗೆ ಗೊತ್ತು ಎಂದು ಯೋಚಿಸಿದೆ. ವಿಶ್ವ ಊಟಕ್ಕೆ ಕೂತಾಗ ದಿನವೂ ಹೇಳುತ್ತಿದ್ದ. ನಾನು ಪೇಪರ್ ಮುಖಕ್ಕೆ ಹಿಡಿದು ಕೂತಿರುತ್ತಿದ್ದೆ. ಕೇಳಿಸಿಕೊಳ್ಳುತ್ತಿದ್ದೆ ಎಂದು ನನಗೇ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತೋ ಏನೋ.

ಜುಲೈ 14, ಭಾನುವಾರ

ಭಾನುವಾರಗಳೇ ಕಷ್ಟ. ವಾರದ ಉಳಿದ ದಿನ ಅವನು ಆಫೀಸಿನಲ್ಲಿದ್ದಾನೆ ಎಂದುಕೊಂಡು ಸಂಜೆಯವರೆಗೆ ದೂಡಬಹುದು. ಭಾನುವಾರ ಒಂಬತ್ತೂವರೆಗೆ ಸ್ಕೂಟರ್ ಸದ್ದಾಗಬೇಕು. ಪಕ್ಕದಲ್ಲಿ ಬೋರ್ಡು ಸಿಕ್ಕಿಸಿಕೊಂಡು, ಹುಬ್ಬಿನ ಮೇಲೆ ಉಪ್ಪು ಒಣಗಿಸಿಕೊಂಡು ಅವನು ಬರಬೇಕು. ಬಚ್ಚಲ ತುಂಬ ಮರಳು ಮಾಡಿದ್ದಕ್ಕೆ ಸರ್ವಮಂಗಳಾ ಬೈಯಬೇಕು, ಅವನು ಅವಳನ್ನು ಅನಾಮತ್ತು ಎತ್ತಿ ಕಟ್ಟೆಯ ಮೇಲೆ ಕೂಡಿಸಬೇಕು. ಆಮೇಲೆ ನಾಲ್ಕು ಜೋಳದ ರೊಟ್ಟಿ, ಎಣ್ಣೆಗಾಯಿ, ಮೊಸರು. ತಿಂದು ಕೈ ತೊಳೆದವನೇ ತೇಜುವಿನ ತಲೆ ಬಾಚಲು ಕೂರುತ್ತಿದ್ದ. ಹಡಗಿನ ಹಗ್ಗ ಹೆಣೆದ ಹಾಗೆ ಬಿಗಿಯಾಗಿ ಜಡೆ ಹಾಕುತ್ತಿದ್ದ, ಅವಳು ಅತ್ತರೂ ಅಮ್ಮನ ಹತ್ತಿರ ಹೋಗುತ್ತಿರಲಿಲ್ಲ. ಅಪ್ಪನೇ ಹಾಕಬೇಕು.

ಇವತ್ತು ಸರ್ವಮಂಗಳಾ ರೊಟ್ಟಿ ಬಡಿಯುತ್ತ ನಾಲ್ಕು ಹೆಚ್ಚಿಗೆ ಬಡಿದಿದ್ದಳು. ಬುಟ್ಟಿಯಲ್ಲಿ ಉಳಿದದ್ದನ್ನು ನಾನೂ ನೋಡಿದೆ, ಸಂಗೀತಾಳೂ ನೋಡಿದಳು.

ಅವನಿಗೆ ಈ ಹುಚ್ಚು ಹತ್ತಿದ್ದು ಸುನಾಮಿಯ ನಂತರ. ಕಾಲೇಜಿನವರ ಜೊತೆ ಕೋವಳಂಗೆ ಮನೆಗಳ ಕೆಸರು ತೆಗೆಯಲು ಹೋಗಿದ್ದ. ಊರಿಗೆ ಊರೇ ಸಮುದ್ರದ ಕಡೆ ನೋಡಲು ಹೆದರುತ್ತಿದ್ದಾಗ, ಸಾಯಿ ಮುರಿದ ಬಾಗಿಲಿನ ಹಲಗೆ ಹಿಡಿದು ನೀರಿಗಿಳಿದನಂತೆ, ಇವನು ಹಿಂದೆಯೇ ಇಳಿದನಂತೆ. ಅವತ್ತು ಬಂದು ನನಗೆ ಹೇಳಿದಾಗ ಕಪಾಳಕ್ಕೆ ಬಿಡಬೇಕು ಅನಿಸಿತ್ತು. ಅವನಿಗೆ ಮಣ್ಣು ಕೊಟ್ಟು ಬಂದ ಮಾರನೇ ದಿನ ಈ ಮನೆಗೆ ಎಪ್ಪತ್ತಕ್ಕೂ ಹೆಚ್ಚು ಜನ ಬಂದರು. ಮೀನುಗಾರರು, ಕಾರಿನಲ್ಲಿ ಬಂದ ಮಕ್ಕಳು, ಅವರ ತಾಯಂದಿರು. ಒಬ್ಬ ಹುಡುಗಿ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನನ್ನ ಮಗನಿಗೆ ಇಷ್ಟು ಜನ ಇದ್ದಾರೆಂದು ಅವತ್ತೇ ನನಗೆ ತಿಳಿದದ್ದು.

ಹೊಲದ ಗದ್ದಿಗೆ ಇಲ್ಲಿಂದ ಒಂದು ಹಗಲು, ಒಂದು ರಾತ್ರಿಯ ದಾರಿ. ಬೇಕೆನಿಸಿದಾಗ ಎದ್ದು ಹೋಗಿ ಕೂರಲು ಈ ಊರಿನಲ್ಲಿ ಅವನದೊಂದು ಜಾಗ ಇಲ್ಲ. ನನಗೆ ಅವನು ಬೇಕು. ಒಂದು ಭಾನುವಾರ ಸಾಕು.

ಜುಲೈ 22, ಸೋಮವಾರ

ಬಲಗಡೆಯ ರಸ್ತೆಯ ಗುಂಡಿ ಮುಚ್ಚಿ ಹದಿನೈದು ದಿನವಾಯಿತಂತೆ, ಸರ್ವಮಂಗಳಾ ಹೇಳಿದಳು. ನಾನು ಗಮನಿಸಿಲ್ಲ. ಎಡಕ್ಕೆ, 6.00–7.20. ಗಾಳಿ ನೈಋತ್ಯ. ಅಲೆ ಮೊಣಕಾಲೆತ್ತರ. ಚಪ್ಪಲಿಯಲ್ಲಿ ಮರಳು.

ಆಗಸ್ಟ್ 5, ಸೋಮವಾರ

ಶ್ರಾವಣದ ಮೊದಲ ಸೋಮವಾರ. ತೇಜುವಿಗೆ ದೀಕ್ಷೆ ಆಯಿತು. ಕೋಡಂಬಾಕ್ಕಂನಿಂದ ಅಯ್ಯನವರು ಬಂದಿದ್ದರು. ಹುಟ್ಟಿದಾಗ ಕಟ್ಟಿ ಆಮೇಲೆ ದೇವರ ಜಗಲಿಯ ಮೇಲಿಟ್ಟಿದ್ದ ಲಿಂಗ ಇನ್ನು ಅವಳ ಕೊರಳಲ್ಲೇ ಇರಬೇಕು. ಶಿವದಾರವನ್ನು ನಮ್ಮ ಮನೆಯ ಪದ್ಧತಿಯಂತೆ ಏಳೆಳೆ ನೂಲಿನಲ್ಲಿ ನಾನೇ ಹೊಸೆದೆ. ವಿಶ್ವನಿಗೂ ಪ್ರತಿ ಶಿವರಾತ್ರಿಗೆ ನಾನೇ ಹೊಸೆದು ಕೊಡುತ್ತಿದ್ದೆ.

ಹಸಿರು ಪರಕಾರ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಚೆಂದ ಕಾಣುತ್ತಿದ್ದಳು. ಪೂಜೆ ಮುಗಿದದ್ದೇ ತಡ, ಇದನ್ನು ಹಾಕಿಕೊಂಡು ಕಡಲಿಗೆ ಇಳಿಯಬಹುದಾ ಎಂದು ತಮಿಳಿನಲ್ಲಿ ಕೇಳಿದಳು. ಅಜ್ಜ ಅನ್ನು ಎಂದರೆ ತಾತಾ ಅನ್ನುವವಳು, ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿಗೆ ಬರುವುದು ತಮಿಳು. ಲಿಂಗ ಕಟ್ಟಿಕೊಂಡವರು ಕಡಲಿಗಿಳಿಯುವಂತಿಲ್ಲ ಎಂದೆ. ಅಪ್ಪ ಇಳಿಯುತ್ತಿದ್ದರಲ್ಲ ಎಂದಳು. ಅಯ್ಯನವರು ಹಾಲಿನ ಲೋಟ ನೋಡುತ್ತ ಕೂತರು.

ಆಮೇಲೆ ತಿಳಿಯಿತು, ಅಪ್ಪನ ವರ್ಷದ ದಿನ ಅವಳೂ ಬೋರ್ಡಿನ ಮೇಲೆ ಹೋಗಬೇಕೆಂದು ಸಾಯಿಯ ಹತ್ತಿರ ಫೋನಿನಲ್ಲಿ ಮಾತಾಡಿಕೊಂಡಿದ್ದಾಳೆ. ಬೇಡವೇ ಬೇಡ ಎಂದೆ. ಈ ಮನೆಯಿಂದ ಇನ್ನೊಂದು ಲಿಂಗ ಆ ನೀರಿಗೆ ಹೋಗಕೂಡದು.

ಆಗಸ್ಟ್ 9, ಶುಕ್ರವಾರ

ನಾಗರ ಪಂಚಮಿ. ಸರ್ವಮಂಗಳಾ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ, ತುಂಬಿಡಲು ಡಬ್ಬಿ ಹುಡುಕುತ್ತ ವಿಶ್ವನ ಸಾಮಾನಿನಲ್ಲಿದ್ದ ಹಳೆಯ ಬಿಸ್ಕತ್ತಿನ ಡಬ್ಬಿ ತೆಗೆದಳು. ಒಳಗೆ ಬೋರ್ಡಿಗೆ ತಿಕ್ಕುವ ಮೇಣದ ಗಟ್ಟಿ ಇತ್ತು. ಕೊಬ್ಬರಿಯ ವಾಸನೆ, ಅವನ ಅಂಗಿಗಳ ವಾಸನೆ. ಮೇಣದ ಕೆಳಗೆ ಕಾಗದದಲ್ಲಿ ಸುತ್ತಿದ ಒಂದು ದಾರ ಸಿಕ್ಕಿತು. ನಾನು ಹೊಸೆದ ಶಿವದಾರ. ಲಿಂಗ ಹೋಗಿ ದಾರ ಮಾತ್ರ ಅವನ ಅಂಗಿಯೊಳಗೆ ಉಳಿದಿರಬೇಕು.

ಕಡಿದ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದೆ, ಪುಡಿಯಾಗಿ ಉದುರಿತು. ಅಲೆ ಅದನ್ನು ಹರಿದಿರಲಿಲ್ಲ. ಉಪ್ಪಿಗೆ ಅದು ಮೊದಲೇ ಕೊಳೆತುಹೋಗಿತ್ತು.

ಬರೆಯಲೇಬೇಕಾದ ಇನ್ನೊಂದು ವಿಷಯ ಇದೆ. ಇಷ್ಟು ದಿನ ನೆನಪೇ ಇರಲಿಲ್ಲ, ಅಥವಾ ನೆನಪನ್ನು ನಾನು ಹತ್ತಿರ ಬಿಟ್ಟುಕೊಂಡಿರಲಿಲ್ಲ. ಲಿಂಗ ಹೋಗುವುದಕ್ಕೆ ನಾಲ್ಕು ತಿಂಗಳು ಮೊದಲು, ಆ ವರ್ಷದ ಶಿವರಾತ್ರಿಯ ದಿನ, ವಿಶ್ವ ಬಂದು ಉಪ್ಪುನೀರಿಗೆ ನೂಲು ತಡೆಯುವುದಿಲ್ಲ, ನೈಲಾನ್ ದಾರ ಹಾಕಿಕೊಳ್ಳುತ್ತೇನೆ ಎಂದು ಕೇಳಿದ್ದ. ನೈಲಾನ್ ಎಮ್ಮೆ ಕಟ್ಟುವುದಕ್ಕೆ, ಲಿಂಗಕ್ಕಲ್ಲ ಎಂದಿದ್ದೆ. ಅವನು ನಕ್ಕು, ನಾನು ಹೊಸೆದದ್ದನ್ನೇ ಕಟ್ಟಿಕೊಂಡು ಹೋದ.

ಊಟದ ತಟ್ಟೆಯ ಮುಂದೆ ನಾನು ಆ ಮಾತು ಅಂದಾಗ, ಅಪ್ಪಾ ನಾ ಮೊದಲ ಹೇಳಿದ್ದೆನಲ್ಲ ಎಂದು ಅವನು ಅನ್ನಬಹುದಿತ್ತು. ಅನ್ನಲಿಲ್ಲ.

ಉಂಡಿ ತಿನ್ನಲಿಲ್ಲ.

ಆಗಸ್ಟ್ 11, ಭಾನುವಾರ

ಕೋವಳಂಗೆ ಹೋಗಬೇಕು ಎಂದು ಸಂಗೀತಾಳಿಗೆ ಹೇಳಿದೆ. ಅವಳು ಯಾಕೆ ಎಂದು ಕೇಳದೆ ಕಾರಿನ ಕೀಲಿ ತೆಗೆದುಕೊಂಡಳು. ಹೊರಟಿದ್ದು 6.30, ತಲುಪಿದ್ದು 7.25.

ಸಾಯಿ ಬಲೆ ಬಿಡಿಸುತ್ತ ಕೂತಿದ್ದ. ನನ್ನನ್ನು ನೋಡಿ ಎದ್ದು, ಲುಂಗಿ ಇಳಿಬಿಟ್ಟು ನಿಂತ. ಲಿಂಗ ಹೋದದ್ದು ಎಲ್ಲಿ ಎಂದು ಕೇಳಿದೆ. ಕಪ್ಪು ಬಂಡೆಗಳ ಈಚೆ, ಅಲೆ ಮೊದಲು ಮುರಿಯುವ ಜಾಗ ತೋರಿಸಿದ. ಹನ್ನೊಂದು ದಿನ ಇಬ್ಬರೂ ಅಲ್ಲಿ ಮುಳುಗಿ ಹುಡುಕಿದರಂತೆ. ಸಾಯಿಯ ಭಾವ ಬಲೆ ಹಾಕಿ ತಳ ಗೋರಿದನಂತೆ. ಆಮೇಲೆ ವಿಶ್ವ ಪ್ರತಿ ಸಲ ಅಲ್ಲಿಗೆ ಹೋದಾಗ, ಅಲೆ ಹತ್ತುವ ಮೊದಲು ಆ ನೀರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದನಂತೆ.

ಅಪ್ಪ ಬೈದರಾ ಎಂದು ಸಾಯಿ ಕೇಳಿದ್ದಕ್ಕೆ ವಿಶ್ವ, ಬೈದದ್ದು ಸರಿಯೇ, ದಾರ ಬದಲಿಸು ಎಂದು ಅಪ್ಪ ಹೇಳುತ್ತಲೇ ಇದ್ದರು, ನಾನೇ ಮರೆತೆ ಎಂದನಂತೆ. ಸಾಯಿ ಇದನ್ನು ನನಗೆ ಸಮಾಧಾನವಾಗಲಿ ಎಂದು ಹೇಳಿದ. ನಾನು ಹೌದೆಂದು ತಲೆಯಾಡಿಸಿದೆ.

ವಾಪಸು ಬರುವಾಗ ಮುಟ್ಟುಕಾಡು ಸೇತುವೆ ದಾಟಿದ ಮೇಲೆ ಬಾಯಿಬಿಟ್ಟೆ.

“ಸಂಗೀತಾ, ಸಾಯಿ ಹೇಳಿದ್ದು ಖರೇ ಅಲ್ಲವ್ವಾ. ನೈಲಾನ್ ಬ್ಯಾಡ ಅಂದಾಂವ ನಾನು.”

ಅವಳು ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ.

“ಗೊತ್ತೈತ್ರಿ ಮಾವಾರ. ಅವತ್ತ ನನಗ ಹೇಳಿದ್ರು. ಅಪ್ಪಗ ಇದು ನೆನಪಾಗಬಾರದು, ನೆನಪಾದ್ರ ಉಣ್ಣೂದ ಬಿಡ್ತಾರ, ನೀ ಯಾವತ್ತೂ ಎತ್ತಬ್ಯಾಡ ಅಂದಿದ್ರು.”

ಎಳನೀರಿನ ಅಂಗಡಿಯ ಹತ್ತಿರ ಕಾರು ನಿಲ್ಲಿಸಲು ಹೇಳಿದೆ. ಎಳನೀರು ಕುಡಿಯಲಿಲ್ಲ. ಮಗ ಹೋದ ದಿನ ನಾನು ಅತ್ತಿರಲಿಲ್ಲ, ಜನರಿಗೆ ಕುರ್ಚಿ ಹಾಕಿಸುತ್ತ ಓಡಾಡಿದ್ದೆ. ಇವತ್ತು ಆ ಬಿಸಿಲಿನಲ್ಲಿ ಅತ್ತೆ. ಸಂಗೀತಾ ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದಳು, ಅವಳೂ ಅಳುತ್ತಿದ್ದಳು. ಈ ಒಂದು ವರ್ಷ ಆ ಹುಡುಗಿ ಇದನ್ನು ಒಬ್ಬಳೇ ಇಟ್ಟುಕೊಂಡಿದ್ದಾಳೆ.

ಮನೆ ಮುಟ್ಟಿದ್ದು 10.40. ರೊಟ್ಟಿ ತಿಂದೆ. ಅವನು ಹೇಳಿದ ಹಾಗೆ ಉಣ್ಣುವುದು ಬಿಡಬಾರದಲ್ಲ.

ಆಗಸ್ಟ್ 12, ಸೋಮವಾರ

ಸಾಯಿ ಕೊಟ್ಟ ಬಲೆಯ ನೈಲಾನ್ ದಾರ ಒಂದು ಮೊಳ, ನೂಲಿನ ದಾರ ಒಂದು ಮೊಳ. ಎರಡನ್ನೂ ಉಪ್ಪುನೀರಿನ ಬಕೆಟ್ಟಿನಲ್ಲಿ ಮುಳುಗಿಸಿದ್ದು ಮಧ್ಯಾಹ್ನ 4.10. ಸರ್ವಮಂಗಳಾಳಿಗೆ ಬಕೆಟ್ ಬೇಕಂತೆ. ಕೊಡಲಿಲ್ಲ. ಯಾಕೆಂದು ಹೇಳಲೂ ಇಲ್ಲ.

ಆಗಸ್ಟ್ 18, ಭಾನುವಾರ

ಎಲ್ಲರೂ ಹೋದೆವು. ಸಾಯಿಯ ಭಾವನ ದೋಣಿಯಲ್ಲಿ ನಾವು ನಾಲ್ವರು ಕೂತೆವು. ಪಂಚೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಕೊಂಡ ನನ್ನನ್ನು ನೋಡಿ ಸರ್ವಮಂಗಳಾ, ಮದುವೆಯಲ್ಲೂ ನಿಮಗೆ ಇಷ್ಟು ಚೆಂದದ ಬಟ್ಟೆ ಇರಲಿಲ್ಲ ಎಂದಳು. ಹತ್ತಿರ ಹತ್ತಿರ ಒಂದು ವರ್ಷದ ಮೇಲೆ ಅವಳು ನನ್ನನ್ನು ಹಂಗಿಸಿದ್ದು. ಕೇಳಿ ಹಿತವಾಯಿತು.

ಅಲೆ ಮುರಿಯುವ ಗೆರೆ ದಾಟುವಾಗ ದೋಣಿ ಮೇಲೆದ್ದು ದಡಕ್ಕನೆ ಬಿತ್ತು. ನಾನು ಶಿವ ಶಿವಾ ಎಂದೆ, ತೇಜು ಕೇಕೆ ಹಾಕಿದಳು. ಅದರಾಚೆ ನೀರು ಶಾಂತವಾಗಿತ್ತು. ಮೂವತ್ತನಾಲ್ಕು ಬೋರ್ಡು ಎಣಿಸಿದೆ. ಸುತ್ತಾಗಿ ಕೂತು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ನಡುವೆ ವಿಶ್ವನ ಒಂಬತ್ತಡಿ ಬೋರ್ಡು ಬರಿದಾಗಿ ತೇಲುತ್ತಿತ್ತು, ಅದರ ಮೇಲೆ ಚೆಂಡುಹೂವಿನ ಮಾಲೆ.

ತೇಜು ನನ್ನ ಮೊಣಕೈ ಹಿಡಿದಳು.

“ತಾತಾ, ಅಪ್ಪಾ ಇಂಗೆ ಇರುಕ್ಕಾರಾ?”

ಅಪ್ಪ ಇಲ್ಲಿ ಇದ್ದಾನಾ ಎಂದು ಕೇಳುತ್ತಿದ್ದಳು. ಹೊಲದಲ್ಲಿ ಇದ್ದಾನೆ ಎಂದು ಹೇಳುವುದು ನನ್ನ ರೂಢಿ. ಆದರೆ ನಲವತ್ತು ದಿನದ ಕೂಸಿನಿಂದ ಅವನ ಎದೆಯ ಮೇಲಿದ್ದ ಲಿಂಗ ಈ ನೀರಿನ ತಳದಲ್ಲಿದೆ. ಸಾಯಿ ಅವನದು ಏನಾದರೂ ಕೊಡಿ ಎಂದು ಕೇಳಿದ್ದನಲ್ಲ, ಅದು ಎರಡು ವರ್ಷದಿಂದ ಇಲ್ಲೇ ಇತ್ತು.

“ಇಲ್ಲೂ ಅದಾನವ್ವಾ,” ಎಂದೆ.

ಎಲ್ಲರೂ ಹೂ ಎಸೆದು ಅವನ ಹೆಸರು ಕೂಗಿದರು. ನೀರನ್ನು ಅಂಗೈಯಿಂದ ಬಡಿದು ಬಡಿದು ಕೂಗಿದರು. ನಾನು ಜೇಬಿನಿಂದ ಕಾಗದದ ಪೊಟ್ಟಣ ತೆಗೆದು, ಕೊಳೆತ ಶಿವದಾರವನ್ನು ನೀರಿಗೆ ಬಿಟ್ಟೆ. ಸ್ವಲ್ಪ ಹೊತ್ತು ತೇಲಿತು. ಅದು ಮುಳುಗುವ ಮೊದಲು ಹೇಳಿಬಿಡಬೇಕೆಂದು ಅವಸರವಾಯಿತು.

“ವಿಶ್ವಾ, ಆ ಮಾತು ವಾಪಸ್ ತಗೊಂಡೀನೋ.”

ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಉಪ್ಪು ಕಣ್ಣಿಗೆ ಹೋಗಿ ದಡ ಸೇರುವವರೆಗೂ ಉರಿಯುತ್ತಿತ್ತು.

ಆಗಸ್ಟ್ 25, ಭಾನುವಾರ

ಬಕೆಟ್ಟಿನಲ್ಲಿ ಹನ್ನೆರಡು ದಿನ ಬಿಟ್ಟು ನಿನ್ನೆ ಎರಡೂ ದಾರ ತೆಗೆದು ಎಳೆದು ನೋಡಿದೆ. ನೂಲು ಇನ್ನೂ ಕೊಳೆತಿರಲಿಲ್ಲ, ಎಳೆ ಮಾತ್ರ ಬಿಟ್ಟುಕೊಳ್ಳುತ್ತಿತ್ತು. ನೈಲಾನ್ ಹಾಗೇ ಇತ್ತು. ಅಯ್ಯನವರಿಗೆ ಫೋನು ಮಾಡಿ ಕೇಳಿದೆ. ಲಿಂಗ ಮೈ ಬಿಡಬಾರದು ಎಂದಷ್ಟೇ ಇದೆ, ದಾರ ಯಾವುದೆಂದು ಯಾರೂ ಹೇಳಿಲ್ಲ ಎಂದರು. ಇದನ್ನು ನಾನು ಎರಡೂವರೆ ವರ್ಷದ ಹಿಂದೆ ಕೇಳಬಹುದಿತ್ತು.

ಏಳೆಳೆ ನೈಲಾನ್ ಹೊಸೆದೆ. ಜಾರುತ್ತದೆ, ನೂಲಿನಷ್ಟು ಸುಲಭವಿಲ್ಲ. ಲಿಂಗವನ್ನು ದಪ್ಪ ಬಟ್ಟೆಯ ಚೀಲದಲ್ಲಿಟ್ಟು ಸಂಗೀತಾ ಹೊಲಿದುಕೊಟ್ಟಳು. ಬಲೆಯವರು ಹಾಕುವ ಗಂಟನ್ನು ಸಾಯಿ ತೋರಿಸಿಕೊಟ್ಟ, ಕಟ್ಟಿದವನು ನಾನು. ಮೂರು ಸಲ ಜಗ್ಗಿ ನೋಡಿದೆ. ತೇಜು, ಸಾಕು ತಾತಾ, ಕೊರಳು ನೋಯುತ್ತದೆ ಎಂದಳು. ಅಪ್ಪ ಜಡೆ ಹಾಕುವಾಗ ಅತ್ತವಳು ಇವತ್ತು ಅಳಲಿಲ್ಲ.

ಕೋವಳಂ. ಗಾಳಿ ಪಶ್ಚಿಮ. ಅಲೆ ತೇಜುವಿನ ಸೊಂಟದೆತ್ತರ. ಬೋರ್ಡಿನ ಒಂದು ಕಡೆ ಸಾಯಿ ಹಿಡಿದಿದ್ದ. ನಾನು ಪಂಚೆ ಎತ್ತಿ ಕಟ್ಟಿ ಮೊಣಕಾಲು ಮಟ್ಟದ ನೀರಿನಲ್ಲಿ ಗಡಿಯಾರ ನೋಡುತ್ತ ನಿಂತೆ. ನಾಲ್ಕು ಸಲ ಬಿದ್ದಳು. ಪ್ರತಿ ಸಲವೂ ತಲೆ ಮೇಲೆ ಬರುವವರೆಗೆ ಸೆಕೆಂಡು ಎಣಿಸಿದೆ. ಐದನೆಯ ಸಲ ಎದ್ದು ನಿಂತಳು, ಮಂಡಿ ಬಗ್ಗಿಸಿ, ಎಡಗೈ ಮುಂದೆ ಚಾಚಿ. ವಿಶ್ವ ಹಾಗೇ ನಿಲ್ಲುತ್ತಿದ್ದ ಎಂದು ಸಂಗೀತಾ ಹೇಳಿದಳು. ನಾನು ಅವನು ನಿಂತದ್ದನ್ನು ಒಮ್ಮೆಯೂ ಬಂದು ನೋಡಿರಲಿಲ್ಲ.

ಹೋದ ವರ್ಷದ ಡೈರಿಯನ್ನು ಮನೆಗೆ ಬಂದ ಮೇಲೆ ತೆರೆದೆ. ‘ವಿಶ್ವ ಆಫೀಸಿಗೆ ಹೊರಟಿದ್ದು 8.40.’ ಅದರ ಮುಂದಿನ ಜಾಗವನ್ನು ಹಾಗೇ ಬಿಟ್ಟು ಮುಚ್ಚಿಟ್ಟೆ.

ತೇಜು ನೀರಿಗೆ ಹೊರಟಿದ್ದು 6.10.

ತಿರುಗಿ ಬಂದದ್ದು 7.05.